ಖಾಲಿ ಕಾರಿನ ತೂಕ

ಹೆಮ್ಮರಗಾಲದ ಶಂಭುಲಿಂಗಪ್ಪನ ಕಣ್ಣಿಗೆ ಮಣ್ಣೆರಚುವುದು ಹುಡುಗಾಟದ ಮಾತಾಗಿರಲಿಲ್ಲ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ಲಾರಿಗಳನ್ನು ಇಡಿಯಾಗಿ ನಿಲ್ಲಿಸಿ ತೂಗುವ ವೇಬ್ರಿಡ್ಜ್ ಒಂದಿದೆ. ಅದರ ಕಿಟಕಿಯ ಹಿಂದೆ ಅವನು ಇಪ್ಪತ್ತೊಂಬತ್ತು ವರ್ಷ ಕೂತಿದ್ದ. ಕಬ್ಬು, ಭತ್ತ, ತೆಂಗಿನಕಾಯಿ, ಇಟ್ಟಿಗೆ, ಹೀಗೆ ಆ ಕಬ್ಬಿಣದ ಹಲಗೆ ಹತ್ತಿ ಇಳಿಯದ ಸರಕು ಆ ಸೀಮೆಯಲ್ಲಿ ಇರಲಿಲ್ಲ. ಸರಕಿನ ಜೊತೆಗೆ ಮೋಸವೂ ಹತ್ತುತ್ತಿತ್ತು. ತುಂಬಿದ ಲಾರಿ ತೂಗುವಾಗ ಕ್ಲೀನರ್ ಕ್ಯಾಬಿನ್ನಿನಲ್ಲಿ ಕಂಬಳಿ ಹೊದ್ದು ಮಲಗಿರುತ್ತಿದ್ದ. ಸರಕು ಇಳಿಸಿ ಖಾಲಿ ಲಾರಿ ತೂಗುವಾಗ ಅದೇ ಆಸಾಮಿ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ. ಅಲ್ಲಿಗೆ ಅವನ ಮೈತೂಕವೂ ಕಬ್ಬಿನ ಲೆಕ್ಕಕ್ಕೆ ಸೇರಿಹೋಗುತ್ತಿತ್ತು. ಶಂಭುಲಿಂಗಪ್ಪ ಟೈರಿನ ಉಬ್ಬು ನೋಡಿಯೇ, "ಕ್ಯಾಬಿನ್ ಒಳಗಿರೋ ಕಬ್ಬನ್ನ ಕೆಳಗಿಳಿಸಯ್ಯ" ಅನ್ನುತ್ತಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದ ರುದ್ರೇಶನಿಗೆ ಅವನು ಹೇಳಿಕೊಟ್ಟದ್ದು ಒಂದೇ ಪಾಠ. ಗಾಡಿಯ ಖಾಲಿ ತೂಕ ಸರಿಯಾಗಿ ಗೊತ್ತಿರಬೇಕು, ಅದು ಗೊತ್ತಿಲ್ಲದಿದ್ದರೆ ಆಮೇಲೆ ಬರುವ ಯಾವ ಅಂಕಿಗೂ ಬೆಲೆ ಇಲ್ಲ.

ಇಂಥವನನ್ನು ಎಂಟು ತಿಂಗಳು ಯಾಮಾರಿಸಿದ್ದು ಅವನ ಹೆಂಡತಿ ಸಿದ್ದಲಿಂಗಮ್ಮ. ಆ ಮೋಸ ಹಿಡಿಯಲು ತಡವಾಯಿತು, ತಡವಾದದ್ದಕ್ಕೆ ಅವಳು ಇವತ್ತು ಇಲ್ಲ. ಈಗ ಹೇಳಹೊರಟಿರುವುದು ಅದನ್ನೇ.

ಕೆಲಸ ಬಿಡಲು ಎರಡು ವರ್ಷ ಇರುವಾಗ ಶಂಭುಲಿಂಗಪ್ಪ ಮೈಸೂರಿನ ಮೇಷ್ಟ್ರೊಬ್ಬರಿಂದ ಹಳೆಯ ಚಿಕ್ಕ ಕಾರೊಂದನ್ನು ಕೊಂಡುಕೊಂಡ. ಬೂದು ಬಣ್ಣ, ನಾಲ್ಕು ಬಾಗಿಲು, ಮುಂದಿನ ಸೀಟಿನಲ್ಲಿ ಕೂತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುವಷ್ಟು ಜಾಗ. ಬೇರೆಯವರಾದರೆ ಕಾರು ತಂದ ದಿನ ನೆಟ್ಟಗೆ ನಂಜುಂಡೇಶ್ವರನ ಗುಡಿಗೆ ಹೋಗುತ್ತಾರೆ. ಇವನು ಮೊದಲು ವೇಬ್ರಿಡ್ಜಿಗೆ ಹತ್ತಿಸಿದ. ಖಾಲಿ ಕಾರು ಏಳುನೂರ ಇಪ್ಪತ್ತು ಕೆಜಿ. ತಾನು ಕೂತರೆ ಏಳುನೂರ ತೊಂಬತ್ತು. ಪಕ್ಕದಲ್ಲಿ ಸಿದ್ದಲಿಂಗಮ್ಮ ಕೂತರೆ ಎಂಟುನೂರ ಎಪ್ಪತ್ತು. ಲಾರಿ ತೂಗುವ ಯಂತ್ರಕ್ಕೆ ಹತ್ತು ಕೆಜಿಗಿಂತ ಸಣ್ಣ ಲೆಕ್ಕ ಕಾಣಿಸುವುದಿಲ್ಲ, ಆದರೂ ಅವನಿಗೆ ಅಷ್ಟು ಸಾಕಾಗಿತ್ತು.

"ಎಂಬತ್ತು ಕೆಜಿ ಕಣೇ ನೀನು. ಒಂದು ಮೂಟೆ ಭತ್ತಕ್ಕಿಂತ ಐದು ಕೆಜಿ ಮುಂದಿದೀಯ" ಎಂದು ಚೀಟಿಯನ್ನು ಹೆಂಡತಿಯ ಕೈಗಿಟ್ಟ.

"ಈ ಮೂಟೆ ಕಟ್ಕಂಡು ಮೂವತ್ತು ವರ್ಸ ಬಾಳಾಟ ಮಾಡಿದೀರಲ್ಲ, ಗಟ್ಟಿ ಆಳು ಬುಡಿ" ಅಂದಳು ಅವಳು.

ಚಿಕ್ಕ ಕಾರು ಓಡಿಸಿದವರಿಗೆ ಗೊತ್ತು, ಲಾರಿಗೆ ಒಬ್ಬ ಹತ್ತಿದರೂ ಇಳಿದರೂ ಅದರ ಗಮನಕ್ಕೇ ಬರುವುದಿಲ್ಲ, ಆದರೆ ಇಂಥ ಕಾರಿಗೆ ಪ್ರತಿಯೊಬ್ಬರ ಮೈಭಾರವೂ ಅರಿವಾಗುತ್ತದೆ. ಒಬ್ಬನೇ ಹೊರಟರೆ ಕಾಲು ಇಟ್ಟ ಕೂಡಲೇ ಚಿಮ್ಮುತ್ತದೆ, ಬ್ರೇಕು ತುಳಿದಲ್ಲೇ ನಿಲ್ಲುತ್ತದೆ. ಆದರೆ ಎದುರಿನಿಂದ ಬಸ್ಸೊಂದು ಬೀಸಿಕೊಂಡು ಬಂದರೆ ಆ ಗಾಳಿಗೇ ಒಂದು ಮಾರು ಪಕ್ಕಕ್ಕೆ ವಾಲುತ್ತದೆ. ಆಷಾಢದಲ್ಲಿ ಕಪಿಲಾ ಸೇತುವೆ ದಾಟುವಾಗ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದಿರಬೇಕು. ಐದು ಜನ ತುಂಬಿಕೊಂಡರೆ ಅದರ ಗುಣವೇ ಬೇರೆ. ಏರು ಬಂದಾಗ ಎ.ಸಿ. ಆರಿಸಬೇಕು, ಮೂರನೇ ಗೇರಿನಿಂದ ಎರಡಕ್ಕೆ ಇಳಿಯಬೇಕು, ಬ್ರೇಕನ್ನು ಒಂದು ಲೈಟುಕಂಬ ಮುಂಚೆಯೇ ತುಳಿಯಬೇಕು. ಸಿದ್ದಲಿಂಗಮ್ಮ ಒಬ್ಬಳೇ ಪಕ್ಕದಲ್ಲಿ ಕೂತಾಗ ಮಾತ್ರ ಕಾರು ಹದವಾಗಿ ನೆಲ ಕಚ್ಚಿಕೊಂಡು ಓಡುತ್ತಿತ್ತು. "ನೀನಿದ್ರೆ ಬಸ್ಸಿಗೂ ಎದರಕಿಲ್ಲ ನನ್ನ ಕಾರು" ಅನ್ನುತ್ತಿದ್ದ ಶಂಭುಲಿಂಗಪ್ಪ. ತಮಾಷೆಯಾಗಿ ಅಂದರೂ ಅದು ಅವನ ಮನಸ್ಸಿನ ಮಾತು. ಅವಳು ಪಕ್ಕದಲ್ಲಿದ್ದರೆ ಅವನಿಗೇ ಒಂದು ನೆಮ್ಮದಿ.

ಊರಿನ ಬಾಯಲ್ಲಿ, ಶಾಲೆಯ ಮುಂದೆ ಒಂದು ಹಂಪ್ ಇತ್ತು. ಯಾವ ಪುಣ್ಯಾತ್ಮ ಹಾಕಿಸಿದ್ದೋ, ಮೊಣಕಾಲೆತ್ತರ. ಕಾರಿನಲ್ಲಿ ಮೂರು ಜನ ದೊಡ್ಡವರಿದ್ದರೆ ಕಷ್ಟಪಟ್ಟು ದಾಟುತ್ತಿತ್ತು, ನಾಲ್ಕನೆಯವರು ಕೂತರೆ ಅಡಿಭಾಗ ಕರ್ರೆಂದು ಉಜ್ಜುತ್ತಿತ್ತು. ಮಗಳು ಶ್ವೇತ, ಅಳಿಯ ಅಮೃತೇಶ್ ಬಂದಾಗಲೆಲ್ಲ ಸಿದ್ದಲಿಂಗಮ್ಮ ಹಂಪಿನ ಹತ್ತಿರ ಬಾಗಿಲು ತೆಗೆದು ತಾನೇ ಇಳಿಯುವಳು, ಸೆರಗು ಸರಿಮಾಡಿಕೊಂಡು ನಡೆದು ದಾಟುವಳು, ಆಚೆ ಕಡೆ ಮತ್ತೆ ಹತ್ತುವಳು. ಅಳಿಯನಿಗೆ ನಾಚಿಕೆಯಾಗಿ, "ನಾನಿಳೀತೀನಿ ಅತ್ತೆ" ಅಂದರೆ, "ನೀವು ಇಳಿದ್ರೆ ಏನು ಸಾಟಿ ಆಯ್ತದೆ? ಇದು ನಾನು ಇಳಿದ್ರೇನೇ ಉಸ್ಸಪ್ಪ ಅನ್ನೋದು" ಎಂದು ನಗುತ್ತಿದ್ದಳು. ಶಾಲೆಯ ಮಕ್ಕಳೂ ಅದನ್ನು ನೋಡಿ ನಗುತ್ತಿದ್ದವು.

ಅಮಾವಾಸ್ಯೆಯ ದಿನ ನಮ್ಮ ಕಡೆ ಗಾಡಿಗಳಿಗೆ ಪೂಜೆ ಮಾಡುತ್ತಾರೆ. ವೇಬ್ರಿಡ್ಜಿನಲ್ಲೂ ಅವತ್ತು ಹಲಗೆ ತೊಳೆದು, ವಿಭೂತಿ ಬಳಿದು, ಬೂದುಗುಂಬಳಕಾಯಿ ಒಡೆಯುವುದು ಪದ್ಧತಿ. ಶಂಭುಲಿಂಗಪ್ಪ ಕೆಲಸ ಬಿಟ್ಟ ಮೇಲೂ ಅಮಾವಾಸ್ಯೆ ಬೆಳಿಗ್ಗೆ ಪೆಟ್ರೋಲ್ ತುಂಬಿಸಿ, ಹೆಂಡತಿಯನ್ನು ಕೂರಿಸಿಕೊಂಡು ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಪೂಜೆ ಮುಗಿದ ಮೇಲೆ ಇಬ್ಬರೂ ಕೂತಂತೆಯೇ ಕಾರನ್ನು ಹಲಗೆಗೆ ಹತ್ತಿಸುವನು. ಕಿಟಕಿಯಿಂದ ರುದ್ರೇಶ್, "ಎಂಟು ಎಪ್ಪತ್ತು ಸಾ" ಅನ್ನುವನು. ಆ ಚೀಟಿ ಕಾರಿನ ಡ್ರಾಯರಿಗೆ ಹೋಗುವುದು. ಏನು ಕೆಲಸಕ್ಕೆ ಬಾರದ ಚಾಳಿ ಅಂದುಕೊಂಡವರೂ ಉಂಟು. ಆದರೆ ಯಾರಿಗೂ ತೊಂದರೆಯಿಲ್ಲದ ಚಾಳಿ ಅಂತ ಸುಮ್ಮನಿದ್ದರು.

ಸಿದ್ದಲಿಂಗಮ್ಮನ ತೌರು ಬನ್ನೂರು. ಅಪ್ಪನದು ಬೆಲ್ಲದ ಅಂಗಡಿ. ಅಂಗಡಿ ಮುಚ್ಚಿದಾಗ ಅವಳು ಅಣ್ಣಂದಿರಿಂದ ಕೇಳಿ ಪಡೆದದ್ದು ಮೂರೇ ಮೂರು ಸಾಮಾನು. ಹತ್ತು ಕೆಜಿಯ ಒಂದು ತೂಕದ ಕಲ್ಲು, ಐದು ಕೆಜಿಯವು ಎರಡು. ಕಲ್ಲು ಅನ್ನುವುದು ಬಾಯಿರೂಢಿ, ಮೂರೂ ಬೀಡು ಕಬ್ಬಿಣದವು. ಆಯುಧಪೂಜೆಯ ದಿನ ತೊಳೆದು ವಿಭೂತಿ ಹಚ್ಚುವುದು ಬಿಟ್ಟರೆ ಅವು ಮಂಚದ ಕೆಳಗೆ ಬಿದ್ದಿರುತ್ತಿದ್ದವು.

ಶ್ವೇತಳನ್ನು ಕೊಟ್ಟದ್ದು ತಿ. ನರಸೀಪುರಕ್ಕೆ. ಅಮೃತೇಶ್ ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ಮದುವೆಯಾಗಿ ಆರು ವರ್ಷಕ್ಕೆ ಅವಳು ಬಸುರಾದಾಗ ಸಿದ್ದಲಿಂಗಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅದಕ್ಕೆ ಕಾರಣವಿತ್ತು. ಅವಳು ಶ್ವೇತಳನ್ನು ಹೆತ್ತಾಗ ಅವಳ ತಾಯಿ ತೀರಿಕೊಂಡು ಆಗಲೇ ವರ್ಷವಾಗಿತ್ತು. ಬಾಣಂತನ ಮಾಡಲು ತೌರಿನಲ್ಲಿ ಹೆಣ್ಣುದಿಕ್ಕಿರಲಿಲ್ಲ, ಅತ್ತೆಗೆ ಮನಸ್ಸಿರಲಿಲ್ಲ. ಹತ್ತನೇ ದಿನಕ್ಕೇ ಬಟ್ಟೆ ಒಗೆಯಲು ಕೂತದ್ದನ್ನು, ನೆತ್ತಿಗೆ ಎಣ್ಣೆ ಇಡಲು ಒಂದು ಕೈ ಇರಲಿಲ್ಲ ಎಂಬುದನ್ನು ಅವಳು ಎಷ್ಟು ಸಲ ಹೇಳಿಕೊಂಡಿದ್ದಳೋ. ಮಗಳಿಗೆ ಮಾತ್ರ ಐದು ತಿಂಗಳು ತುಂಬ ತನ್ನ ಕೈಯಾರೆ ಬಾಣಂತನ ಮಾಡಬೇಕು ಅನ್ನುವುದು ಅವಳ ಹಟ.

ಶ್ವೇತಳಿಗೆ ಐದನೇ ತಿಂಗಳು ನಡೆಯುತ್ತಿದ್ದಾಗ, ಶ್ರಾವಣದ ಅಮಾವಾಸ್ಯೆಯ ದಿನ, ರುದ್ರೇಶ್ ಕಿಟಕಿಯಿಂದ, "ಎಂಟು ಅರವತ್ತು ಸಾ" ಅಂದ.

ಶಂಭುಲಿಂಗಪ್ಪ ಇಳಿದು ಹೋಗಿ ಅಂಕಿಯನ್ನು ತಾನೇ ನೋಡಿದ. ವಾಪಸು ಬಂದು ಹೆಂಡತಿಯ ಮುಖ ನೋಡಿದ. ಕೆನ್ನೆ ಒಳಗೆ ಹೋದದ್ದು ಅವನಿಗೆ ಕಂಡದ್ದು ಆಗಲೇ, ಅಂಕಿ ಹೇಳಿದ ಮೇಲೆ. ಗಂಡಸರ ಕಣ್ಣೇ ಅಷ್ಟು.

"ಅತ್ತು ಕೆಜಿ ಎಲ್ಲಿ ಓಯ್ತೇ? ಊಟಾನೂ ಸರ್ಯಾಗಿ ಮಾಡ್ತಿಲ್ಲ ನೀನು. ನಾಳೆ ಮೈಸೂರಿಗೆ ಓಗಿ ತೋರಿಸ್ಕಂಡು ಬರಾಣ."

"ಗ್ಯಾಸ್ಟ್ರಿಕ್ ಕಣ್ರೀ. ಶ್ವೇತನ ಸೀಮಂತ ಒಂದು ಕಳೀಲಿ, ಬತ್ತೀನಿ" ಅಂದಳು ಅವಳು.

ಸೀಮಂತ ಕಳೆಯಿತು. ಅವನು ಮರೆಯಲಿಲ್ಲ, ಎರಡು ಸಲ ಕರೆದ. ಅವಳು ಎರಡು ಸಲ ಮುಂದೂಡಿದಳು. ಅಷ್ಟರಲ್ಲಿ ಮುಂದಿನ ಅಮಾವಾಸ್ಯೆ ಬಂತು. ರುದ್ರೇಶ್, "ಎಂಟು ಎಪ್ಪತ್ತು ಸಾ" ಅಂದ. ಶಂಭುಲಿಂಗಪ್ಪನಿಗೆ ಎದೆ ಮೇಲಿನ ಚಪ್ಪಡಿ ಇಳಿಸಿದ ಹಾಗಾಯಿತು. "ನೋಡಿದ್ಯಾ, ಬಂದ್ಬುಡ್ತು" ಎಂದು ಹೆಂಡತಿಯ ತೊಡೆ ತಟ್ಟಿದ. ಅವಳು ಕಾಲ ಬಳಿಯ ಚೀಲವನ್ನು ಸೀಟಿನ ಕೆಳಕ್ಕೆ ಸರಿಸಿ, "ನಾನು ಏಳಿರ್ಲಿಲ್ವಾ" ಅಂದಳು. ಆಸ್ಪತ್ರೆಯ ಮಾತು ಅಲ್ಲಿಗೆ ನಿಂತುಹೋಯಿತು.

ಪಕ್ಕದ ಮನೆಯ ಪವಿತ್ರ ಬಟ್ಟೆ ಹೊಲಿಯುವವಳು. ಅವಳು ಒಂದು ದಿನ ಶಂಭುಲಿಂಗಪ್ಪನನ್ನು ತಡೆದು, "ಅಣ್ಣ, ಅಕ್ಕ ಅರ್ಧ ಆಗ್ಬುಟ್ಟವ್ರೆ. ಕುಪ್ಪಸ ಎಲ್ಲ ಎರಡೆರಡು ಸಲ ಇಡಿಸಿ ಒಲಿದು ಕೊಟ್ಟಿದೀನಿ. ಡಾಕ್ಟ್ರಿಗೆ ತೋರ್ಸಿ" ಅಂದಳು. ಅವನು ಕಾರಿನ ಡ್ರಾಯರಿನಿಂದ ಚೀಟಿಗಳನ್ನು ತೆಗೆದು ಅವಳ ಮುಂದೆ ಹಿಡಿದ. ಎಂಟು ಎಪ್ಪತ್ತು, ಎಂಟು ಎಪ್ಪತ್ತು, ಎಂಟು ಎಪ್ಪತ್ತು. "ಕಣ್ಣು ಸುಳ್ಳು ಏಳ್ತದೆ ಕಣವ್ವ, ಮಿಷನ್ ಏಳಕಿಲ್ಲ" ಅಂದ. ಪವಿತ್ರ ಚೀಟಿ ನೋಡಿದಳು, ಅವನ ಮುಖ ನೋಡಿದಳು, ಒಳಗೆ ಹೋದಳು. ಜೀವಮಾನವಿಡೀ ಆ ಯಂತ್ರಕ್ಕೆ ಮೋಸ ಮಾಡುವವರನ್ನೇ ನೋಡಿದ್ದವನು ಹಾಗೆ ಅಂದುಬಿಟ್ಟ. ಆ ಮಾತನ್ನು ನೆನೆದು ಅವನು ಈಗಲೂ ಹಣೆ ಚಚ್ಚಿಕೊಳ್ಳುತ್ತಾನೆ.

ಶ್ವೇತಳಿಗೆ ಹೆಣ್ಣುಮಗುವಾಯಿತು. ಸಿದ್ದಲಿಂಗಮ್ಮ ಅಂದುಕೊಂಡಂತೆಯೇ ಬಾಣಂತನ ಮಾಡಿದಳು. ನಸುಕಿಗೆ ಎದ್ದು ಹಂಡೆಗೆ ಉರಿ ಹಾಕುವಳು, ಮಗಳಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವಳು, ಕಾಲ ಮೇಲೆ ಮಗುವನ್ನು ಹಾಕಿಕೊಂಡು ಮೀಯಿಸುವಳು, ಸಾಂಬ್ರಾಣಿ ಹಾಕುವಳು. ನಡುವೆ ಬಚ್ಚಲಿನ ಗೋಡೆ ಹಿಡಿದು ನಿಂತುಬಿಡುತ್ತಿದ್ದಳಂತೆ. ಶ್ವೇತ ಕೇಳಿದರೆ, "ಬಗ್ಗಿ ಬಗ್ಗಿ ಸೊಂಟ ಇಡ್ಕತು ಕಣೇ" ಅನ್ನುತ್ತಿದ್ದಳು. ಮಗಳಿಗೆ ಖಾರ ಹಾಕದ ಸಾರು ಬಡಿಸಿ, ತಾನೂ ಅದನ್ನೇ ಎರಡು ತುತ್ತು ಉಂಡು ಏಳುವಳು. ಬಾಣಂತಿಯ ಜೊತೆ ಪಥ್ಯ ಮಾಡುತ್ತಿದ್ದಾಳೆ ಎಂದು ಎಲ್ಲರೂ ಮೆಚ್ಚಿಕೊಂಡರು.

ಐದು ತಿಂಗಳು ತುಂಬಿದ ಮೇಲೆ ಮಗಳು ಮೊಮ್ಮಗಳನ್ನು ಕಳಿಸುವ ದಿನ ಬಂತು. ತೊಟ್ಟಿಲು, ಬುಟ್ಟಿ, ಬಟ್ಟೆಗಳೆಲ್ಲ ಬೆಳಿಗ್ಗೆಯೇ ಗೂಡ್ಸ್ ಆಟೋದಲ್ಲಿ ಹೋಗಿದ್ದವು. ಕಾರಿನಲ್ಲಿ ಶಂಭುಲಿಂಗಪ್ಪ, ಸಿದ್ದಲಿಂಗಮ್ಮ, ಹಿಂದೆ ಅಮೃತೇಶ್, ಶ್ವೇತ, ಅವಳ ಮಡಿಲಲ್ಲಿ ಕೂಸು. ಶಾಲೆಯ ಹಂಪ್ ಬಂತು. ಸಿದ್ದಲಿಂಗಮ್ಮ ಎಂದಿನಂತೆ ಬಾಗಿಲು ತೆಗೆದು ಇಳಿದಳು, ನಿಧಾನಕ್ಕೆ ನಡೆದು ಆಚೆಗೆ ಹೋಗಿ ನಿಂತಳು. ಶಂಭುಲಿಂಗಪ್ಪ ಎಂದಿನಂತೆ ಒಂದನೇ ಗೇರಿನಲ್ಲಿ ಹಂಪ್ ಹತ್ತಿಸಿದ.

ಕಾರಿನ ಅಡಿ ಕರ್ರೆಂದು ಉಜ್ಜಿತು.

"ಟೈರಲ್ಲಿ ಗಾಳಿ ಕಮ್ಮಿ ಇರ್ಬೇಕು ಮಾವ" ಅಂದ ಅಮೃತೇಶ್. ಗಾಳಿಯನ್ನು ಶಂಭುಲಿಂಗಪ್ಪ ಬೆಳಿಗ್ಗೆ ತಾನೇ ಹಿಡಿಸಿದ್ದ. ಹಂಪೂ ಹಳೆಯದೇ, ಹೊಸ ಟಾರು ಬಿದ್ದಿರಲಿಲ್ಲ. ಕೂಸಿನ ತೂಕ ಆರು ಕೆಜಿ, ಅಷ್ಟಕ್ಕೆ ಉಜ್ಜುವ ಕಾರಲ್ಲ. ಅವಳು ಇಳಿದ ಮೇಲೂ ಕಾರಿನಲ್ಲಿ ಇನ್ಯಾವುದೋ ಭಾರ ಉಳಿದಿದೆ. ಇಪ್ಪತ್ತೊಂಬತ್ತು ವರ್ಷ ಅವನು ಮಾಡಿದ್ದು ಇದೇ ಲೆಕ್ಕ, ತುಂಬಿದ್ದರಲ್ಲಿ ಖಾಲಿಯನ್ನು ಕಳೆಯುವುದು. ಅದು ಅವನ ತಲೆಯಲ್ಲಿ ತಾನಾಗಿಯೇ ನಡೆಯಿತು, ನಡೆದು ಎಡಗಡೆಯ ಖಾಲಿ ಸೀಟಿಗೆ ಬಂದು ಮುಟ್ಟಿತು. ಹಂಪಿನ ಆಚೆ ನಿಂತ ಹೆಂಡತಿಯನ್ನು ಅವನು ಗಾಜಿನ ಮೂಲಕ ನೋಡಿದ. ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು ನಿಂತಿದ್ದ ಅವಳ ತೋಳಿನಲ್ಲಿ ಬಳೆಗಳು ಮೊಣಕೈವರೆಗೆ ಜಾರಿದ್ದವು.

ತಿ. ನರಸೀಪುರದಲ್ಲಿ ಬೀಗರ ಮನೆಯವರು ಆರತಿ ಎತ್ತಿ ಒಳಗೆ ಕರೆದುಕೊಂಡರು. ಎಲ್ಲರೂ ಎಲೆಯ ಮುಂದೆ ಕೂತಾಗ ಶಂಭುಲಿಂಗಪ್ಪ ಫೋನು ಮರೆತೆ ಎಂದು ಹೊರಗೆ ಬಂದ. ಎಡಗಡೆಯ ಬಾಗಿಲು ತೆಗೆದು ಮಂಡಿಯೂರಿ ಸೀಟಿನ ಕೆಳಗೆ ಕೈ ಹಾಕಿದ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ, ತಣ್ಣಗಿನ, ಗಟ್ಟಿಯಾದದ್ದು ಕೈಗೆ ಸಿಕ್ಕಿತು. ಒಂದು ಹತ್ತರದು, ಎರಡು ಐದರವು. ಅವನು ಅವನ್ನು ಹೊರಗೆ ತೆಗೆಯಲಿಲ್ಲ. ಬಾಗಿಲು ಹಾಕಿ, ಒಳಗೆ ಹೋಗಿ ಎಲೆಯ ಮುಂದೆ ಕೂತ.

ಹೊರಡುವಾಗ ಸಿದ್ದಲಿಂಗಮ್ಮ ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು. ಮಗಳಿಗೆ ಇನ್ನೂ ಎರಡು ತಿಂಗಳು ತಣ್ಣೀರು ಮುಟ್ಟಬೇಡ ಎಂದು ಹೇಳಿದಳು. ಕಾರು ಊರು ದಾಟುವವರೆಗೂ ತಿರುಗಿ ತಿರುಗಿ ನೋಡಿದಳು.

ವಾಪಸು ಇಬ್ಬರೇ ಬಂದರು. ವೇಬ್ರಿಡ್ಜ್ ಬಂದಾಗ ಅವತ್ತು ಅಮಾವಾಸ್ಯೆ ಅಲ್ಲದಿದ್ದರೂ ಕಾರನ್ನು ಹಲಗೆಗೆ ಹತ್ತಿಸಿದ. ರುದ್ರೇಶ್ ಎಂದಿನಂತೆ, "ಎಂಟು ಎಪ್ಪತ್ತು" ಅಂದ. ಶಂಭುಲಿಂಗಪ್ಪ ಇಳಿದು ಎಡಗಡೆಗೆ ಬಂದ, ಹೆಂಡತಿಯ ಕಾಲನ್ನು ಮೆಲ್ಲಗೆ ಸರಿಸಿ, ಸೀರೆಯ ತುಂಡಿನಲ್ಲಿದ್ದ ಮೂರನ್ನೂ ಎಳೆದು ತೆಗೆದು ಹಲಗೆಯ ಆಚೆ ಮಣ್ಣಿನ ಮೇಲೆ ಇಟ್ಟ. ಮತ್ತೆ ಬಂದು ತನ್ನ ಸೀಟಿನಲ್ಲಿ ಕೂತ. ರುದ್ರೇಶನಿಗೆ ಏನೋ ಅರ್ಥವಾಗಿರಬೇಕು, ಸಣ್ಣ ದನಿಯಲ್ಲಿ, "ಎಂಟು ಐವತ್ತು ಸಾ" ಅಂದ.

ಸಿದ್ದಲಿಂಗಮ್ಮ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು.

"ಯಾವಾಗಿಂದ?" ಅಂದ ಅವನು.

"ಶ್ರಾವಣದಲ್ಲಿ ಕಮ್ಮಿ ಬಂತಲ್ಲ, ಅದರ ಮುಂದಿನ ಅಮಾಸೆಗೆ ಅತ್ತರದು ಇಟ್ಟೆ. ಐದರವು ಆಮೇಲೆ. ಒಂದೊಂದಾಗಿ."

"ಒಟ್ಟೇಲಿ ನೋವದಾ?"

"ಅದೆ. ಏನೋ ಗಂಟು ಕೈಗೆ ಸಿಕ್ತದೆ."

"ನನ್ಗೊಂದ್ ಮಾತು ಏಳ್ಬಾರದಿತ್ತಾ ಸಿದ್ದಿ?"

"ಏಳಿದ್ರೆ ಆಸ್ಪತ್ರೆಗೆ ಆಕ್ತಿದ್ರಿ. ಶ್ವೇತ ಒಟ್ಟೆ ಒತ್ಕಂಡು ನನ್ ತಲೆದೆಸೇಲಿ ಕೂರ್ತಿದ್ಲು. ಅವಳಿಗೆ ನೀರು ಉಯ್ಯೋರು ಯಾರು? ನೀವು ಉಯ್ತಿದ್ರಾ? ಈಗ ಆಯ್ತಲ್ಲ. ಬತ್ತೀನಿ ನಡೀರಿ, ಯಾವ ಆಸ್ಪತ್ರೆಗೆ ಕರ್ಕಂಡು ಓಯ್ತೀರೋ ಓಗಿ."

ಅವನಿಗೆ ಸಿಟ್ಟು ಬಂತು, ಅಳು ಬಂತು. ಸಿಟ್ಟು ಅವಳ ಮೇಲಲ್ಲ, ಆ ಕಿಟಕಿಯ ಮೇಲೆ, ಆ ಚೀಟಿಗಳ ಮೇಲೆ, ಮೂವತ್ತು ವರ್ಷಕ್ಕೂ ಮೇಲೆ ಜೊತೆಗಿದ್ದ ಹೆಂಡತಿಯನ್ನು ಕಣ್ಣಿಂದ ನೋಡದೆ ಅಂಕಿಯಿಂದ ನೋಡಿದ ತನ್ನ ಮೇಲೆ. ಹಿಂದೆ ಭತ್ತದ ಲಾರಿಯೊಂದು ಬಂದು ಹಾರನ್ ಹೊಡೆಯಿತು. ರುದ್ರೇಶ್ ಹೊರಗೆ ಬಂದು ಡ್ರೈವರನನ್ನು ಸುಮ್ಮನಿರಿಸಿ, ಮಣ್ಣಿನ ಮೇಲಿದ್ದ ಮೂರು ಕಲ್ಲನ್ನೂ ಎತ್ತಿ ತಂದು ಮೊದಲಿದ್ದ ಜಾಗದಲ್ಲೇ ಇಟ್ಟ.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಸ್ಕ್ಯಾನಿನ ಹಾಳೆ ನೋಡುತ್ತಾ, ಎಂಟು ತಿಂಗಳ ಹಿಂದೆ ಬಂದಿದ್ದರೆ ದಾರಿ ಇತ್ತು ಅಂದರು. ಶಂಭುಲಿಂಗಪ್ಪ ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದ. ಎಂಟು ಅರವತ್ತು ಬಂದ ದಿನದಿಂದ ಲೆಕ್ಕ ಹಾಕಿದರೆ ಒಂಬತ್ತಾಗಿತ್ತು. ನಾಳೆಯೇ ಹೋಗೋಣ ಎಂದು ಅವನೇ ಹೇಳಿದ್ದ ದಿನ ಅದು.

ಆಮೇಲೆ ಮೂರು ತಿಂಗಳು ವಾರಕ್ಕೆರಡು ಸಲ ಮೈಸೂರಿಗೆ ಹೋಗಿ ಬರುವುದಾಯಿತು. ಸೀಟನ್ನು ಹಿಂದಕ್ಕೆ ಒರಗಿಸಿ ಅವಳನ್ನು ಮಲಗಿಸಿಕೊಂಡು ಅವನು ನಲವತ್ತರಲ್ಲಿ ಓಡಿಸುತ್ತಿದ್ದ. ಮೊದಮೊದಲು ಇಳಿಯುವಾಗ ತೋಳು ಹಿಡಿಯಬೇಕಿತ್ತು, ಕಡೆಕಡೆಗೆ ಅವನೇ ಎತ್ತಿ ಇಳಿಸುತ್ತಿದ್ದ. ಮಗಳಿಗೆ ಸುದ್ದಿ ತಿಳಿದು ಕೂಸನ್ನು ಕಟ್ಟಿಕೊಂಡು ಓಡಿ ಬಂದಳು, ಅಮ್ಮನ ಮೇಲೆ ರೇಗಿದಳು, ಅತ್ತಳು. ಕಲ್ಲುಗಳ ವಿಷಯ ಮಾತ್ರ ಗಂಡಹೆಂಡತಿ ಇಬ್ಬರೂ ಅವಳಿಗೆ ಹೇಳಲಿಲ್ಲ. ತನ್ನ ಬಾಣಂತನಕ್ಕೆ ಅಮ್ಮ ಏನು ಕೊಟ್ಟಳು ಅನ್ನುವುದು ಅವಳಿಗೆ ಇಂದಿಗೂ ಗೊತ್ತಿಲ್ಲ.

ಒಂದು ಮಧ್ಯಾಹ್ನ ಕಪಿಲಾ ಸೇತುವೆಯ ಮೇಲೆ ಎದುರಿನಿಂದ ಬಸ್ಸೊಂದು ಭರ್ರನೆ ಹಾದುಹೋಯಿತು. ಕಾರು ಪಕ್ಕಕ್ಕೆ ವಾಲಿತು. ಅವನು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದ.

"ನಾನಿದ್ರೂ ಅಳ್ಳಾಡ್ತದಲ್ರೀ ಈಗ" ಅಂದಳು ಅವಳು, ಕಣ್ಣು ಮುಚ್ಚಿಕೊಂಡೇ.

"ಗಾಳಿ ಜೋರಾಗದೆ ಕಣೇ ಇವತ್ತು."

"ಆ ಕಲ್ಲುಗಳನ್ನ ತೆಗೀಬೇಡಿ ಆಯ್ತಾ. ನಾನು ಇಳಿದ್ ಮೇಲೂ ಅವು ಅಲ್ಲೇ ಇರ್ಲಿ. ಒಬ್ರೇ ಓಡಾಡ್ತೀರ, ಬಸ್ಸಿನೋರು ನೋಡಕಿಲ್ಲ."

ಅವನು ಆಯ್ತು ಅಂದ. ಅದಾಗಿ ಹನ್ನೊಂದನೇ ದಿನ ಅವಳು ಮನೆಯಲ್ಲೇ, ಮಗಳ ತೊಡೆಯ ಮೇಲೆ, ಲಿಂಗೈಕ್ಯಳಾದಳು. ಹೂವಿನ ವಿಮಾನದಲ್ಲಿ ಕೂರಿಸಿ ಹೊಲಕ್ಕೆ ಹೊತ್ತುಕೊಂಡು ಹೋಗುವಾಗ ಹೆಗಲು ಕೊಟ್ಟವನೊಬ್ಬ, "ಅಕ್ಕ ಏನೇನೂ ಭಾರ ಇಲ್ಲ ಕಣ್ಲಾ" ಅಂದ. ಹಿಂದೆ ಬರುತ್ತಿದ್ದ ಶಂಭುಲಿಂಗಪ್ಪನಿಗೆ ಅದು ಕೇಳಿಸಿತು.

ಶಿವಗಣಾರಾಧನೆ ಮುಗಿದು, ನೆಂಟರು ಹೊರಟುಹೋಗಿ, ಒಂದು ಅಮಾವಾಸ್ಯೆ ಬಂತು. ಹೋಗುವುದೋ ಬೇಡವೋ ಎಂದು ಬೆಳಿಗ್ಗೆಯೆಲ್ಲ ಜಗಲಿಯ ಮೇಲೆ ಕೂತಿದ್ದವನು ಕೊನೆಗೆ ಎದ್ದು ಕಾರು ತೊಳೆದ, ಪೆಟ್ರೋಲ್ ತುಂಬಿಸಿದ. ವೇಬ್ರಿಡ್ಜಿನಲ್ಲಿ ಕುಂಬಳಕಾಯಿ ಒಡೆದು ಆಗಿತ್ತು. ರುದ್ರೇಶ್ ಅವನನ್ನು ಕಂಡು ಎದ್ದು ನಿಂತ. ಶಂಭುಲಿಂಗಪ್ಪ ಕಾರನ್ನು ಹಲಗೆಗೆ ಹತ್ತಿಸಿದ, ಆಮೇಲೆ ಇಳಿದು ಹಲಗೆಯಿಂದ ಆಚೆ ಬಂದು ಕಿಟಕಿಯ ಹತ್ತಿರ ನಿಂತುಕೊಂಡ. ಕಾರಿನಲ್ಲಿ ಯಾರೂ ಇರಲಿಲ್ಲ. ಎಡಗಡೆಯ ಸೀಟಿನ ಮೇಲೆ ಬಿಸಿಲು ಬಿದ್ದಿತ್ತು.

"ಏಳು ನಲವತ್ತು ಸಾ" ಅಂದ ರುದ್ರೇಶ್. ಹಳೆಯ ಪುಸ್ತಕ ತಿರುವಿ ನೋಡಿ, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಅಂದ, "ಖಾಲಿ ತೂಕ ಏಳು ಇಪ್ಪತ್ತು ಅಂತ ನಿಮ್ ಕೈಬರಹದಲ್ಲೇ ಅದೆ. ಕಲ್ಲು ತೆಗೆದು ಇನ್ನೊಂದ್ ಸಲ ಆಕ್ಲಾ?"

ಶಂಭುಲಿಂಗಪ್ಪ ಕಾರನ್ನೇ ನೋಡುತ್ತಿದ್ದ.

"ಬ್ಯಾಡ ಕಣಪ್ಪ. ಆ ಏಳು ಇಪ್ಪತ್ತಕ್ಕೆ ಗೀಟು ಎಳ್ದು ಏಳು ನಲವತ್ತು ಅಂತ ಬರ್ಕೋ" ಅಂದ. "ಇನ್ಮೇಲೆ ಇದೇ ಖಾಲಿ ಕಾರಿನ ತೂಕ."